ಪೋಲೀಸು ಶಿಕ್ಷಣದ ವರದಿಗಳು ಮತ್ತು ಕೋಟತಟ್ಟಿನ ರಾತ್ರಿ

೧೯೦೨ರಿಂದೀಚೆಗೆ ನಮ್ಮ ದೇಶದಲ್ಲಿ ಪೋಲೀಸು ಇಲಾಖೆಯ ಸುಧಾರಣೆಯನ್ನು ಕುರಿತು ಹೊರಬಂದಿರುವ ಮುಖ್ಯ ವರದಿಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಓದುವ ಇತಿಹಾಸದ ವಿದ್ಯಾರ್ಥಿಗೆ ಒಂದು ವೈಚಿತ್ರ್ಯವು ಗೋಚರವಾಗದೆ ಇರದು. ರೋಗವೇನೆಂಬುದರಲ್ಲಿ ಅವುಗಳಿಗೆ ಬಹುಮಟ್ಟಿಗೆ ಭಿನ್ನಾಭಿಪ್ರಾಯವಿಲ್ಲ. ಪೋಲೀಸರ ಶಿಕ್ಷಣವು ಸಾಲದು, ಇರುವ ಶಿಕ್ಷಣವೂ ಕವಾಯತಿನ ಕಡೆಗೆ ವಾಲಿದೆ, ಜನರಲ್ಲಿ ಅವರ ವಿಷಯವಾಗಿ ವಿಶ್ವಾಸವಿಲ್ಲವೆಂದು ಎಲ್ಲವೂ ಹೇಳುತ್ತವೆ. ಪಾಠ್ಯವಿಷಯಗಳ ಪಟ್ಟಿ ಮಾತ್ರ ವರದಿಯಿಂದ ವರದಿಗೆ ಬೆಳೆಯುತ್ತ ಬಂದಿದೆ. ಆದರೆ ಆ ಪಟ್ಟಿಯನ್ನು ಯಾರಿಗೆ ಕಲಿಸಬೇಕು, ಕಲಿತವನಿಗೆ ಅದನ್ನು ಉಪಯೋಗಿಸುವ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಕೇಳಿದ ವರದಿ ಒಂದೋ ಎರಡೋ. ಪ್ರಕೃತ ಲೇಖನದಲ್ಲಿ ಈ ವರದಿಗಳನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಅನುಭವವೆಂಬ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಉದ್ದೇಶ. ಪ್ರಜೆಗಳ ಸುರಕ್ಷತೆಯೇ ಪೋಲೀಸು ಶಿಕ್ಷಣದ ಮೊದಲ ಗುರಿಯಾಗಬೇಕೆಂಬ ಮಾತು ಇತ್ತೀಚೆಗೆ ಹಲವೆಡೆ ಕೇಳಿಬರುತ್ತಿರುವುದರಿಂದ, ಆ ಮಾತಿಗೆ ನಮ್ಮ ಸೀಮೆಯಲ್ಲಿ ಯಾವ ಅರ್ಥವುಂಟೆಂದು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಒಂದು ಪ್ರಕರಣವನ್ನು ನೋಡೋಣ. ೨೦೨೧ರ ಡಿಸೆಂಬರ್ ೨೭ರ ರಾತ್ರಿ ಕೋಟತಟ್ಟು ಗ್ರಾಮದ ಕೊರಗರ ಕಾಲೊನಿಯಲ್ಲಿ ಮದುವೆಗೆ ಮುಂಚಿನ ಮೆಹಂದಿ ಸಮಾರಂಭ ನಡೆಯುತ್ತಿತ್ತು. ಸಂಗೀತದ ಸದ್ದು ಹೆಚ್ಚಾಗಿದೆಯೆಂಬ ದೂರಿನ ಮೇಲೆ ಕೋಟ ಠಾಣೆಯ ಪೋಲೀಸರು ಅಲ್ಲಿಗೆ ಬಂದರು. ಸದ್ದನ್ನು ನಿಲ್ಲಿಸುವುದಕ್ಕೆಂದು ಬಂದವರು ಲಾಠಿಯನ್ನು ಬೀಸಿದರು. ಮದುಮಗನೂ ಸೇರಿದಂತೆ ಹಲವರಿಗೆ ಏಟು ಬಿದ್ದಿತು. ಠಾಣಾಧಿಕಾರಿಯನ್ನು ಅಮಾನತಿನಲ್ಲಿಡಲಾಯಿತು, ಕೆಲವು ಸಿಬ್ಬಂದಿಯನ್ನು ವರ್ಗಾಯಿಸಲಾಯಿತು. ಪೋಲೀಸರ ಮೇಲೆ ಪ್ರಕರಣ ದಾಖಲಾದಂತೆಯೇ, ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂದು ಕೊರಗರ ಮೇಲೆಯೂ ಪ್ರಕರಣ ದಾಖಲಾಯಿತು. ಅಂದಿನ ಗೃಹಮಂತ್ರಿಗಳಾಗಿದ್ದ ಆರಗ ಜ್ಞಾನೇಂದ್ರ ಅವರು ಕಾಲೊನಿಗೆ ಭೇಟಿಯಿತ್ತರು, ತನಿಖೆಯನ್ನು ಸಿ.ಐ.ಡಿ.ಗೆ ವಹಿಸಲಾಯಿತು. ಯಾರು ಎಷ್ಟು ದೋಷಿಗಳೆಂಬುದನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ನಮಗೆ ಮುಖ್ಯವಾದುದು ಬೇರೆ. ಧ್ವನಿವರ್ಧಕದ ವಿಷಯದಲ್ಲಿ ಕಾನೂನು ಅಸ್ಪಷ್ಟವಾಗಿಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ೧೦ರಿಂದ ಬೆಳಗಿನ ೬ರ ತನಕ ತೆರೆದ ಸ್ಥಳದಲ್ಲಿ ಅದನ್ನು ಬಳಸಕೂಡದು. ಬಂದವರು ಮನೆಯ ಹಿರಿಯರನ್ನು ಕರೆದು ಹೇಳಬಹುದಾಗಿತ್ತು; ಕೇಳದಿದ್ದರೆ ಯಂತ್ರವನ್ನು ಆರಿಸಬಹುದಾಗಿತ್ತು; ಅದಕ್ಕೂ ಒಪ್ಪದಿದ್ದರೆ ಯಂತ್ರವನ್ನು ವಶಪಡಿಸಿಕೊಂಡು ಮಾರನೆಯ ದಿನ ಪ್ರಕರಣ ಹೂಡಬಹುದಾಗಿತ್ತು. ದೂರಿಗೂ ಲಾಠಿಗೂ ನಡುವೆ ಇಷ್ಟೊಂದು ಮೆಟ್ಟಿಲುಗಳಿರುವಾಗ ಒಂದೇ ಜಿಗಿತಕ್ಕೆ ಮೇಲಿನದನ್ನು ಮುಟ್ಟಿದುದು ಹೇಗೆ? ವ್ಯಕ್ತಿಗಳ ಸ್ವಭಾವದೋಷವೆಂದು ಉತ್ತರ ಹೇಳಿ ಮುಗಿಸುವುದು ಸುಲಭ. ಅಮಾನತಿನ ಆಜ್ಞೆ ಹೇಳುವುದೂ ಅದನ್ನೇ.

ಇತಿಹಾಸಕಾರನಿಗೆ ಆ ಉತ್ತರ ಸಾಲದು. ಆ ರಾತ್ರಿ ಕಾಲೊನಿಗೆ ಬಂದ ಪೋಲೀಸು ಎಂಬ ಸಂಸ್ಥೆ ನಮ್ಮ ಸೀಮೆಗೆ ಯಾವಾಗ, ಏತಕ್ಕಾಗಿ ಬಂದಿತೆಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಸೀಮೆಯು ಕುಂಪಣಿಯ ಕೈಸೇರಿ ಮದರಾಸಿಗೆ ಒಳಪಟ್ಟಿತು. ೧೮೧೬ರ ಮದರಾಸು ರೆಗ್ಯುಲೇಶನ್ನಿನಂತೆ ಊರಿನ ಪಟೇಲನೂ ಅವನ ಮೇಲಿನ ತಹಶೀಲ್ದಾರನೂ ಪೋಲೀಸು ಕೆಲಸದ ಹೊಣೆ ಹೊತ್ತರು. ಅವರ ಕೈಕೆಳಗೆ ನಮ್ಮಲ್ಲಿ ಉಗ್ರಾಣಿಯಂಥ ಗ್ರಾಮಸೇವಕರಿದ್ದರು. ಕಂದಾಯ ವಸೂಲಿ ಮಾಡುವವನೇ ಕಳ್ಳನನ್ನು ಹಿಡಿಯುವವನೂ ಆದುದರ ಫಲವು ಏನಾಯಿತೆಂಬುದು ೧೮೫೫ರಲ್ಲಿ ಪ್ರಕಟವಾದ ಮದರಾಸಿನ ಚಿತ್ರಹಿಂಸಾ ವಿಚಾರಣಾ ಆಯೋಗದ ವರದಿಯಿಂದ ಬಯಲಾಯಿತು. ಅದರ ಬೆನ್ನಿಗೇ ೧೮೫೯ರ ಮದರಾಸು ಜಿಲ್ಲಾ ಪೋಲೀಸು ಕಾಯಿದೆ ಬಂದಿತು. ಕಂದಾಯದಿಂದ ಪೋಲೀಸು ಬೇರ್ಪಟ್ಟಿತು. ಇಷ್ಟು ಮಾತ್ರ ಹೇಳಿ ನಿಲ್ಲಿಸಿದರೆ ಇದೊಂದು ಉದಾರವಾದ ಸುಧಾರಣೆಯೆಂದು ತೋರುತ್ತದೆ. ಪಠ್ಯಪುಸ್ತಕಗಳಲ್ಲಿ ಹಾಗೆಯೇ ಬರೆಯುವ ವಾಡಿಕೆಯೂ ಇದೆ. ಆದರೆ ೧೮೫೭ರ ದಂಗೆಯ ನೆನಪು ಇನ್ನೂ ಹಸಿಯಾಗಿದ್ದಾಗ ರೂಪುಗೊಂಡ ಈ ಪಡೆಗೆ ಮಾದರಿಯಾಗಿ ಆರಿಸಿಕೊಂಡದ್ದು ೧೮೨೯ರ ಲಂಡನ್ ಪೋಲೀಸನ್ನಲ್ಲ, ಐರ್ಲೆಂಡಿನ ಪಡೆಯನ್ನು. ಲಂಡನ್ನಿನ ಪೇದೆ ಬೀದಿಯವರ ನಡುವೆ ನಿರಾಯುಧನಾಗಿ ನಡೆಯತಕ್ಕವನು. ಐರಿಷ್ ಪೇದೆ ಆಳಿಸಿಕೊಳ್ಳುವ ಜನರ ಮೇಲೆ ಕಣ್ಣಿಡತಕ್ಕವನು. ಈ ಆಯ್ಕೆಯು ನಮ್ಮ ಕರಾವಳಿಯಲ್ಲಿ ನೂರು ವರ್ಷಗಳಿಗೂ ಮೀರಿ ಬಾಳಿತು. ೧೯೫೬ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರಿಗೆ ಸೇರಿದಾಗಲೂ ಇಲ್ಲಿ ನಡೆಯುತ್ತಿದ್ದುದು ೧೮೫೯ರ ಕಾಯಿದೆಯೇ. ಅದು ಹೋದುದು ೧೯೬೩ರ ಪೋಲೀಸು ಕಾಯಿದೆಯಿಂದ.

ಇನ್ನು ವರದಿಗಳಿಗೆ ಬರೋಣ. ಸರ್ ಆಂಡ್ರ್ಯೂ ಫ್ರೇಸರ್ ಅವರ ಅಧ್ಯಕ್ಷತೆಯ ೧೯೦೨-೦೩ರ ಆಯೋಗವು ಪೋಲೀಸರ ವಿಷಯದಲ್ಲಿ ಕಟುವಾಗಿ ಬರೆದುದು ಪ್ರಸಿದ್ಧವಾಗಿದೆ. ಪಡೆಯು ಅಸಮರ್ಥವಾದುದು, ಭ್ರಷ್ಟವಾದುದು, ಪೀಡಕವಾದುದೆಂದು ಜನ ಭಾವಿಸಿದ್ದಾರೆಂದು ಅದು ಮುಚ್ಚುಮರೆಯಿಲ್ಲದೆ ಹೇಳಿತು. ಈ ನಿಷ್ಠುರತೆಯನ್ನು ಮೆಚ್ಚುವವರು ಅದೇ ಆಯೋಗದ ಇನ್ನೊಂದು ನಿಲುವನ್ನು ಗಮನಿಸುವುದಿಲ್ಲ. ಕಾನ್ಸ್ಟೇಬಲನ ಯೋಗ್ಯತೆಯಲ್ಲಿ ಅದಕ್ಕೆ ಭರವಸೆಯಿರಲಿಲ್ಲ. ಆದ್ದರಿಂದ ವಿವೇಚನೆ ಬೇಕಾಗುವ ಕೆಲಸಗಳನ್ನು ಅವನಿಗೆ ಒಪ್ಪಿಸಬಾರದು, ಕಾವಲು, ಬೆಂಗಾವಲು, ಗಸ್ತು ಮೊದಲಾದ ಯಾಂತ್ರಿಕ ಕಾರ್ಯಗಳು ಅವನಿಗೆ ಸಾಕು ಎಂಬುದು ಅದರ ಅಭಿಪ್ರಾಯ. ಪೋಲೀಸು ಶಿಕ್ಷಣದ ಇತಿಹಾಸದಲ್ಲಿ ಇದಕ್ಕಿಂತ ಪರಿಣಾಮಕಾರಿಯಾದ ನಿರ್ಣಯ ಮತ್ತೊಂದಿಲ್ಲವೆಂದು ನಮ್ಮ ಭಾವನೆ. ಶಿಕ್ಷಣಶಾಲೆಗಳನ್ನು ಕಟ್ಟಬೇಕೆಂದು ಹೇಳಿದ ಆಯೋಗವೇ, ಆ ಶಾಲೆಗಳಲ್ಲಿ ಅತ್ಯಧಿಕ ಸಂಖ್ಯೆಯಲ್ಲಿ ಕಲಿಯಬೇಕಾದವನಿಗೆ ಬುದ್ಧಿಯ ಅಗತ್ಯವಿಲ್ಲವೆಂದೂ ಹೇಳಿತು. ಅಂಥವನಿಗೆ ಕಲಿಸಲು ಉಳಿಯುವುದು ಕವಾಯತು, ಸಲಾಮು, ಬಂದೂಕಿನ ಅಭ್ಯಾಸ ಮತ್ತು ಆಜ್ಞಾಧಾರಕತ್ವ. (ಕೋಟದ ಶಿವರಾಮ ಕಾರಂತರು ಜನಿಸಿದ ೧೯೦೨ರಲ್ಲಿಯೇ ಈ ಆಯೋಗವೂ ನೇಮಕವಾಯಿತು. ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದೂ ಇದೇ ಕೋಟತಟ್ಟಿನಲ್ಲಿ. ಇವೆರಡೂ ಕಾಕತಾಳೀಯವಷ್ಟೇ.)

ಪೇದೆ ಎಂಬ ನಮ್ಮ ಶಬ್ದವೇ ಈ ಮನೋಭಾವಕ್ಕೆ ಒಪ್ಪುವಂಥದು. ಪೇದೆಯೆಂದರೆ ಕಾಲಾಳು, ಚದುರಂಗದ ಮಣೆಯಲ್ಲಿ ಮುಂದಕ್ಕೆ ಮಾತ್ರ ನಡೆಯತಕ್ಕ ಕಾಯಿ. ಈಗ ಸರಕಾರದ ಕಾಗದಗಳಲ್ಲಿ ಈ ಶಬ್ದ ವಿರಳವಾಗಿದೆ. ಶಬ್ದ ಹೋದುದರಿಂದ ಭಾವ ಹೋಯಿತೆಂದು ಹೇಳಲಾಗದು.

ಸ್ವಾತಂತ್ರ್ಯಾನಂತರದ ವರದಿಗಳಲ್ಲಿ ಪೋಲೀಸು ಶಿಕ್ಷಣಕ್ಕಾಗಿಯೇ ನೇಮಕವಾದ ಸಮಿತಿಯೆಂದರೆ ೧೯೭೧ರದು. ಅದರ ಅಧ್ಯಕ್ಷರು ಪೋಲೀಸು ಅಧಿಕಾರಿಯಲ್ಲ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊಫೆಸರ್ ಎಂ. ಎಸ್. ಗೋರೆ ಅವರು. ೧೯೭೩ರಲ್ಲಿ ಬಂದ ಈ ವರದಿಯು ಇಂದಿಗೂ ಓದತಕ್ಕದ್ದು. ಪೋಲೀಸನಿಗೆ ಕೌಶಲದಷ್ಟೇ ಮನೋಧರ್ಮವೂ ಮುಖ್ಯ, ಸಮಾಜದ ಪರಿಚಯವಿಲ್ಲದವನು ಸಮಾಜವನ್ನು ಕಾಯಲಾರ, ದುರ್ಬಲ ವರ್ಗಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು ಎಂದು ಸಮಿತಿ ಬಗೆಯಿತು. ಶಿಕ್ಷಣಶಾಲೆಗಳಿಗೆ ಬೋಧಕರಾಗಿ ಹೋಗುವುದನ್ನು ಅಧಿಕಾರಿಗಳು ದಂಡನೆಯೆಂದು ಭಾವಿಸುತ್ತಾರೆಂಬ ಕಹಿಸತ್ಯವನ್ನೂ ಅದು ಮರೆಮಾಚಲಿಲ್ಲ. ಕನ್ನಡದಲ್ಲಿ ‘ಶಿಕ್ಷೆ’ ಎಂಬ ಒಂದೇ ಶಬ್ದವು ಕಲಿಸುವಿಕೆಗೂ ದಂಡನೆಗೂ ಸಲ್ಲುತ್ತದೆ. ಈ ಇಲಾಖೆಯು ಎರಡರ್ಥಗಳನ್ನೂ ಒಂದೇ ಹುದ್ದೆಯಲ್ಲಿ ಕೂಡಿಸಿತು. ಅದಿರಲಿ. ಗೋರೆ ಸಮಿತಿಯ ನ್ಯೂನತೆ ಬೇರೊಂದೆಡೆ ಇದೆ. ಅದರ ದೃಷ್ಟಿ ಶಾಲೆಯ ಆವರಣಗೋಡೆಯನ್ನು ಸಾಕಷ್ಟು ದಾಟುವುದಿಲ್ಲ. ಚನ್ನಪಟ್ಟಣದಲ್ಲಿಯೋ ಖಾನಾಪುರದಲ್ಲಿಯೋ ತಿಂಗಳುಗಟ್ಟಲೆ ಕಲಿತುದನ್ನು ಠಾಣೆಯ ಹಿರಿಯ ಸಹೋದ್ಯೋಗಿ ಒಂದೇ ವಾರದಲ್ಲಿ ಮರೆಸಬಲ್ಲ. ‘ಅದೆಲ್ಲ ಅಲ್ಲಿಗೆ, ಇಲ್ಲಿ ಬೇರೆ’ ಎಂಬ ವಾಕ್ಯವು ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಎಲ್ಲ ಪಠ್ಯಕ್ರಮಗಳಿಗಿಂತ ಬಲವಾದುದು ಅದೇ.

ಫ್ರೇಸರ್ ಆಯೋಗದ ನಿಲುವನ್ನು ನೇರವಾಗಿ ಎದುರಿಸಿದುದು ಧರ್ಮವೀರರ ಅಧ್ಯಕ್ಷತೆಯ ರಾಷ್ಟ್ರೀಯ ಪೋಲೀಸು ಆಯೋಗ. ೧೯೭೭ರಿಂದ ೧೯೮೧ರವರೆಗೆ ಎಂಟು ವರದಿಗಳನ್ನಿತ್ತ ಈ ಆಯೋಗವು ೧೯೭೯ರ ಮೊದಲನೆಯ ವರದಿಯಲ್ಲಿಯೇ ಕಾನ್ಸ್ಟೇಬಲನನ್ನು ಯಂತ್ರವೆಂದು ಭಾವಿಸುವುದನ್ನು ನಿರಾಕರಿಸಿತು. ಬೀದಿಯಲ್ಲಿ ಜನರನ್ನು ಮೊದಲು ಎದುರುಗೊಳ್ಳುವವನು ಅವನೇ. ಆದುದರಿಂದ ವಿವೇಚನೆಯಿಂದ ನಿರ್ಧರಿಸಬಲ್ಲಂತೆ ಅವನನ್ನು ಆರಿಸಿ ಕಲಿಸಬೇಕು, ಅವನ ಸ್ಥಾನಮಾನವನ್ನೂ ಮೇಲೆತ್ತಬೇಕು ಎಂದಿತು. ಮುಂದೆ ಏನಾಯಿತು? ೨೦೦೬ರ ಸೆಪ್ಟೆಂಬರ್ ೨೨ರಂದು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ಏಳು ನಿರ್ದೇಶನಗಳು ಮುಖ್ಯವಾಗಿ ಮೇಲಧಿಕಾರಿಗಳ ಅವಧಿ, ವರ್ಗಾವಣೆ, ಸರಕಾರದ ಹಸ್ತಕ್ಷೇಪ, ದೂರು ಪ್ರಾಧಿಕಾರ ಮೊದಲಾದುವನ್ನು ಕುರಿತವು. ಅವು ಅಗತ್ಯವಾದುವೇ. ಕರ್ನಾಟಕವು ೨೦೧೨ರಲ್ಲಿ ತನ್ನ ಕಾಯಿದೆಗೆ ತಿದ್ದುಪಡಿ ಮಾಡಿತು. ಆದರೆ ೧೯೭೯ರಲ್ಲಿ ಮುನ್ನೆಲೆಗೆ ಬಂದಿದ್ದ ಕಾನ್ಸ್ಟೇಬಲನು ೨೦೦೬ರ ಹೊತ್ತಿಗೆ ಪುನಃ ಹಿನ್ನೆಲೆಗೆ ಸರಿದಿದ್ದನು. ೨೦೨೫ರಲ್ಲಿ ನಮ್ಮ ರಾಜ್ಯದ ಕಾನ್ಸ್ಟೇಬಲರ ಹಳೆಯ ಟೊಪ್ಪಿ ಬದಲಾಗಿ ಹೊಸದು ಬಂದಿತು. ಟೊಪ್ಪಿಯ ಕೆಳಗಿನದನ್ನು ಬದಲಿಸುವುದು ಅಷ್ಟು ಶೀಘ್ರವಾಗಿ ಆಗುವ ಕೆಲಸವಲ್ಲವೆಂಬುದನ್ನು ಒಪ್ಪೋಣ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಕೋಟತಟ್ಟಿನಲ್ಲಿ ಇದ್ದವರು ಕಾನ್ಸ್ಟೇಬಲರು ಮಾತ್ರವಲ್ಲ, ಠಾಣಾಧಿಕಾರಿಯೂ ಇದ್ದರು. ಆ ಹುದ್ದೆಗೆ ಪದವಿಯೇ ಅರ್ಹತೆ, ವಿವೇಚನೆಯ ಅಧಿಕಾರವೂ ಅದಕ್ಕುಂಟು. ಹಾಗಿರುವಾಗ ವಿವೇಚನೆಯ ಅಭಾವವೇ ಕಾರಣವೆಂದು ಹೇಳುವುದು ಹೇಗೆ? ಆಕ್ಷೇಪವು ಬಲವಾದುದೇ, ಆದರೆ ನಮ್ಮ ವಾದವನ್ನು ಅದು ಮುರಿಯುವುದಿಲ್ಲ. ವಿವೇಚನೆಯನ್ನು ಒಬ್ಬನಲ್ಲಿ ಮಾತ್ರ ಕೂಡಿಟ್ಟು ಉಳಿದವರನ್ನು ಆಜ್ಞಾಪಾಲಕರನ್ನಾಗಿ ಮಾಡಿದಲ್ಲಿ, ಆ ಒಬ್ಬನು ತಪ್ಪಿದ ಕ್ಷಣದಲ್ಲಿ ತಡೆಯುವ ಕೈ ಇಲ್ಲವಾಗುತ್ತದೆ. ‘ಸಾರ್, ಇದು ಮದುವೆಮನೆ, ಸೆಟ್ಟನ್ನು ಬಂದ್ ಮಾಡಿಸಿ ಹೋಗುವಾ’ ಎಂದು ಕೆಳಗಿನವನೊಬ್ಬನು ಹೇಳಬಹುದೆಂದು, ಹೇಳುವುದು ಅವಿಧೇಯತೆಯಲ್ಲವೆಂದು, ನಮ್ಮ ಶಿಕ್ಷಣಶಾಲೆಗಳಲ್ಲಿ ಯಾರಾದರೂ ಕಲಿಸಿದ್ದುಂಟೇ? ಮಾನವಹಕ್ಕುಗಳನ್ನು ಕುರಿತ ಉಪನ್ಯಾಸವನ್ನು ಕೇಳಿ ಪರೀಕ್ಷೆಯಲ್ಲಿ ಉತ್ತರ ಬರೆದವನಿಗೂ ಆ ಒಂದು ವಾಕ್ಯವನ್ನು ಆಡುವ ಅಧಿಕಾರ ಸಿಕ್ಕಿರುವುದಿಲ್ಲ. ಸುರಕ್ಷತೆಗೆ ಸಂಬಂಧಿಸಿದ ಕೆಲಸಗಳೆಲ್ಲವೂ ಸ್ಥಳದಲ್ಲಿಯೇ, ಆ ಕ್ಷಣದಲ್ಲಿಯೇ ನಿರ್ಧರಿಸತಕ್ಕವು. ಆದೇಶಕ್ಕಾಗಿ ಕಾಯುವಂತೆ ಮಾತ್ರ ಕಲಿತವನಿಂದ ಅವು ಸಾಗುವುದಿಲ್ಲ. ವಿವೇಚನೆಯನ್ನು ಕೊಟ್ಟಮೇಲೆ ಲೆಕ್ಕವನ್ನೂ ಕೇಳಬೇಕೆಂಬುದು ನಿಜ. ೨೦೧೨ರ ತಿದ್ದುಪಡಿಯಂತೆ ದೂರು ಪ್ರಾಧಿಕಾರಗಳಿವೆ. ನಮ್ಮ ಹಳ್ಳಿಗಳಲ್ಲಿ ಅವುಗಳ ಹೆಸರನ್ನು ಕೇಳಿದವರು ಬಹಳ ಮಂದಿ ಸಿಕ್ಕಲಾರರು.

ಸ್ಥಳವನ್ನರಿಯದ ವಿವೇಚನೆಯೂ ಕುರುಡೇ ಎಂಬುದನ್ನು ಈ ವರದಿಗಳು ಬಹುಮಟ್ಟಿಗೆ ಅಲಕ್ಷಿಸಿವೆ. ಈ ಅಂಶವು ನಮ್ಮ ಸೀಮೆಯ ಮಟ್ಟಿಗೆ ಅತ್ಯಂತ ಮುಖ್ಯವಾದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕರಾವಳಿಯ ಯುವಕರು ಪೋಲೀಸು ನೌಕರಿಗೆ ಹೆಚ್ಚಾಗಿ ಸೇರುವುದಿಲ್ಲ. ಇಲ್ಲಿನ ಠಾಣೆಗಳಲ್ಲಿರುವ ಕಾನ್ಸ್ಟೇಬಲರಲ್ಲಿ ಬಹು ಮಂದಿ ಉತ್ತರ ಕರ್ನಾಟಕದವರೆಂಬುದು ಸರ್ವವಿದಿತ. ಮನೆಮಠಗಳಿಂದ ನೂರಾರು ಮೈಲಿ ದೂರ ಬಂದು, ಅಪರಿಚಿತವಾದ ಮಳೆಯಲ್ಲಿ ನೆನೆದು ದುಡಿಯುವ ಈ ಯುವಕರ ವಿಷಯದಲ್ಲಿ ನಮಗೆ ಗೌರವವೇ ಇದೆ. ಆದರೆ ಶಿರೂರಿನಿಂದ ಬ್ರಹ್ಮಾವರದವರೆಗಿನ ಈ ಅಲ್ಪ ಅಂತರದಲ್ಲಿ ನವಾಯತಿ, ಕೊಂಕಣಿ, ಕುಂದಗನ್ನಡ, ತುಳು, ಕೊರಗರ ಮಾತು, ಬ್ಯಾರಿ ಇವೆಲ್ಲವೂ ಕಿವಿಗೆ ಬೀಳುತ್ತವೆ. ಕುಂದಗನ್ನಡದ ಮೊಟಕಾದ ಕ್ರಿಯಾಪದಗಳು ಅಭ್ಯಾಸವಿಲ್ಲದ ಕಿವಿಗೆ ಒರಟಾಗಿ ಕೇಳಿಸಬಹುದು; ಬಯಲುಸೀಮೆಯಲ್ಲಿ ಗೆಳೆತನದ ಸಂಬೋಧನೆಯಾದ ‘ಲೇ’ ಎಂಬುದು ಇಲ್ಲಿ ನಿಂದೆಯೇ ಸರಿ. ಎರಡು ಕಡೆಯವರೂ ತಾವು ಅವಮಾನಿತರಾದೆವೆಂದು ತಿಳಿಯುವುದಕ್ಕೆ ಇಷ್ಟು ಸಾಕು. ಜಿಲ್ಲೆಗೆ ಬಂದ ಕಾನ್ಸ್ಟೇಬಲನಿಗೆ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಒಂದು ತಿಂಗಳಾದರೂ ಈ ನಾಡಿನ ಮಾತು, ಜಾತ್ರೆ, ಜಾತಿ, ಕಡಲು ಇವುಗಳ ಪರಿಚಯ ಮಾಡಿಸತಕ್ಕ ಏರ್ಪಾಡಿದ್ದರೆ, ಪಠ್ಯಕ್ರಮದ ಅನೇಕ ಅಧ್ಯಾಯಗಳಿಗಿಂತ ಅದರಿಂದ ಹೆಚ್ಚು ಉಪಯೋಗವಾದೀತು.

ಅಂಥ ಪರಿಚಯವಿದ್ದಿದ್ದರೆ ಕೋಟತಟ್ಟಿಗೆ ಹೋದವರಿಗೆ ಏನು ತಿಳಿದಿರುತ್ತಿತ್ತು? ಕೊರಗರು ಕೇಂದ್ರ ಸರಕಾರವು ಅತ್ಯಂತ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳಲ್ಲೊಂದು. ೨೦೧೧ರ ಜನಗಣತಿಯಲ್ಲಿ ರಾಜ್ಯದಲ್ಲಿದ್ದವರು ೧೫,೦೦೦ದ ಆಸುಪಾಸು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಇವರಿಗೆ ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುತ್ತಿದ್ದರು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿಸುತ್ತಿದ್ದರು. ಮೇಲ್ಜಾತಿಯವರ ಸಮಾರಂಭಗಳಿಗೆ ಇವರು ಬಂದು ಡೋಲು ಬಡಿಯಬೇಕಾಗಿತ್ತು. ಇದನ್ನು ನಿಷೇಧಿಸಲು ೨೦೦೦ದಲ್ಲಿ ರಾಜ್ಯವು ಪ್ರತ್ಯೇಕವಾದೊಂದು ಅಧಿನಿಯಮವನ್ನೇ ಮಾಡಬೇಕಾಯಿತು. ತಲೆಮಾರುಗಳ ಕಾಲ ಪರರ ಉತ್ಸವಕ್ಕೆ ಸದ್ದು ಮಾಡುವುದೇ ಇವರ ಬಿಟ್ಟಿಯಾಗಿತ್ತು. ತಮ್ಮದೇ ಮನೆಯ ಮದುವೆಗೆ ಮಾಡಿದ ಸದ್ದು ಅಪರಾಧವಾಯಿತು. ನಿಯಮವು ಎಲ್ಲರಿಗೂ ಸಮಾನವೆಂದು ಹೇಳುವವರಿಗೆ ಒಂದು ಮಾತನ್ನು ನೆನಪು ಮಾಡಬಹುದು: ಇದು ಮಂದಾರ್ತಿ, ಮಾರಣಕಟ್ಟೆ ಮೇಳಗಳ ಚೆಂಡೆಯ ದನಿ ಬೆಳಗಿನ ತನಕ ಕೇಳುತ್ತ ಬಂದ ನಾಡು. ರಾತ್ರಿಯ ಸದ್ದಿನೊಡನೆ ಹೊಂದಿಕೊಂಡು ಬಾಳುವುದನ್ನು ನಾವು ಬಹುಕಾಲದಿಂದ ಬಲ್ಲೆವು. ಯಾರ ಸದ್ದನ್ನು ಸಹಿಸುತ್ತೇವೆ, ಯಾರ ಸದ್ದಿಗೆ ದೂರು ಕೊಡುತ್ತೇವೆ ಎಂಬ ಪ್ರಶ್ನೆಯು ಪೋಲೀಸರೊಬ್ಬರಿಗೇ ಸೇರಿದುದಲ್ಲ.

ಸುರಕ್ಷತೆಯೆಂಬುದು ಠಾಣೆಯ ಒಳಗಿರುವವರಿಗೂ ಸಲ್ಲತಕ್ಕದ್ದು. ಬಂಧನದ ಕಾಲದಲ್ಲಿ ಅನುಸರಿಸಬೇಕಾದ ಕ್ರಮಗಳನ್ನು ಡಿ. ಕೆ. ಬಸು ಮೊಕದ್ದಮೆಯಲ್ಲಿ ೧೯೯೬ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ೨೦೨೪ರ ನವೆಂಬರಿನಲ್ಲಿ ಬ್ರಹ್ಮಾವರ ಠಾಣೆಯ ಬಂಧನದಲ್ಲಿದ್ದ ನೆರೆರಾಜ್ಯದ ಕಾರ್ಮಿಕನೊಬ್ಬನು ಮೃತನಾದ ಪ್ರಕರಣವೂ ಸಿ.ಐ.ಡಿ.ಗೆ ಹೋಗಬೇಕಾಯಿತು. ಕಾರಣದ ವಿಚಾರ ತನಿಖೆಗೆ ಬಿಟ್ಟದ್ದು. ಬಂಧಿತನ ಮೈಸ್ಥಿತಿಯನ್ನು ನೋಡಿ ಅಪಾಯವನ್ನು ಗುರುತಿಸಿ ಆಸ್ಪತ್ರೆಗೆ ಒಯ್ಯುವ ತಿಳಿವಳಿಕೆಯು ಕಾವಲಿಗೆ ನಿಂತ ಪ್ರತಿಯೊಬ್ಬ ಕಾನ್ಸ್ಟೇಬಲನಿಗೂ ಇರಬೇಕೆಂಬುದಂತೂ ತನಿಖೆಯನ್ನು ಕಾಯಬೇಕಾದ ಮಾತಲ್ಲ.

ಕಡಲಿನ ವಿಷಯದಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿದೆ. ಕೇಂದ್ರ ಸರಕಾರದ ೨೦೦೫ರ ಕರಾವಳಿ ಭದ್ರತಾ ಯೋಜನೆಯೂ ೨೦೦೮ರ ಮುಂಬಯಿ ದಾಳಿಯ ಅನಂತರ ಅದಕ್ಕೆ ಬಂದ ವೇಗವೂ ಸೇರಿ ರಾಜ್ಯದ ತೀರದಲ್ಲಿ ಒಂಬತ್ತು ಕರಾವಳಿ ಠಾಣೆಗಳಾದವು. ಮಲ್ಪೆಯಲ್ಲಿ ಅದರ ಕೇಂದ್ರಸ್ಥಾನ. ಗಂಗೊಳ್ಳಿಯಲ್ಲಿ ಒಂದು ಠಾಣೆ. ಹೊರಗಿನ ಶತ್ರು ಕಡಲ ಮೂಲಕ ಬಾರದಂತೆ ತಡೆಯುವುದು ಇದರ ಹುಟ್ಟಿನ ಕಾರಣ. ಆದರೆ ಆಷಾಢದಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ಮಗುಚುವ ದೋಣಿ, ಮರವಂತೆಯಲ್ಲಿ ಹೆದ್ದಾರಿಯಿಂದಿಳಿದು ಅಲೆಗೆ ಕಾಲಿಡುವ ಪ್ರವಾಸಿ, ಇವು ಇಲ್ಲಿಯ ಪ್ರತಿವರ್ಷದ ಅಪಾಯಗಳು. ಕರಾವಳಿ ಪೋಲೀಸರ ಶಿಕ್ಷಣಕ್ಕೆಂದು ಗುಜರಾತಿನ ಓಖಾದಲ್ಲಿ ರಾಷ್ಟ್ರೀಯ ಸಂಸ್ಥೆಯೊಂದಿದೆ. ಮುಳುಗುವವರನ್ನು ಎತ್ತುವ ಕೆಲಸವನ್ನು ಮಾತ್ರ ಹೆಚ್ಚಾಗಿ ಮಾಡುತ್ತಿರುವವರು ಸ್ಥಳೀಯ ಮೀನುಗಾರರು ಮತ್ತು ಮುಳುಗುಗಾರರು. ಅವರಿಂದ ಕಲಿಯುವ ಶಾಲೆಯನ್ನು ಯಾವ ವರದಿಯೂ ಸೂಚಿಸಿಲ್ಲ. ‘ಭದ್ರತೆ’ಯೂ ‘ಸುರಕ್ಷತೆ’ಯೂ ನಿಘಂಟಿನಲ್ಲಿ ಸಮಾನಾರ್ಥಕಗಳಾಗಬಹುದು, ಇಲಾಖೆಯ ಬಳಕೆಯಲ್ಲಿ ಒಂದು ರಾಜ್ಯಕ್ಕೆ, ಇನ್ನೊಂದು ಪ್ರಜೆಗೆ.

ಆಶೆಗೆ ಎಡೆಯೇ ಇಲ್ಲವೆಂದಲ್ಲ. ೨೦೧೭ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಸುಧಾರಿತ ಗಸ್ತು ವ್ಯವಸ್ಥೆಯು ಪ್ರತಿಯೊಬ್ಬ ಕಾನ್ಸ್ಟೇಬಲನಿಗೂ ಒಂದೊಂದು ಪ್ರದೇಶದ ಹೊಣೆಯನ್ನು ವಹಿಸಿತು. ೨೦೨೫ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಯೋಜನೆ ಬಂದಿತು. ತಾತ್ತ್ವಿಕವಾಗಿ ನೋಡಿದರೆ ಇವು ೧೯೦೨ರ ನಿಲುವಿಗೆ ವಿರುದ್ಧವಾದುವು. ಪ್ರದೇಶದ ಹೊಣೆ ಹೊತ್ತವನನ್ನು ಯಂತ್ರವೆನ್ನಲಾಗದು. ಅದೇ ೨೦೨೫ರಲ್ಲಿ ನಕ್ಸಲ್ ನಿಗ್ರಹ ಪಡೆಯಿಂದ ೨೪೮ ಮಂದಿಯನ್ನು ತೆಗೆದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳ ಕೋಮುಗಲಭೆ ತಡೆಯುವುದಕ್ಕಾಗಿ ವಿಶೇಷ ಕಾರ್ಯಪಡೆಯೊಂದನ್ನು ಕಟ್ಟಲಾಯಿತು. ಕಾಡಿನಲ್ಲಿ ಬಂದೂಕು ಹಿಡಿದು ಶತ್ರುವನ್ನು ಅರಸಲು ಕಲಿತವರು ಇನ್ನು ಪೇಟೆಯಲ್ಲಿ ನೆರೆಹೊರೆಯವರ ನಡುವೆ ನಿಲ್ಲಬೇಕು. ಅವರಿಗೆ ಕೊಟ್ಟ ಮರುಶಿಕ್ಷಣದ ಸ್ವರೂಪವನ್ನು ಮುಂದಿನ ಸಂಶೋಧಕರು ಪರಿಶೀಲಿಸುವುದು ಅಗತ್ಯ. ಮೇಲಿನ ಎಲ್ಲ ವರದಿಗಳಿಗೂ ಅದೊಂದು ಪರೀಕ್ಷೆಯಾಗುತ್ತದೆ.

ನಮ್ಮ ಕಾಲೇಜುಗಳಲ್ಲಿ ಇತಿಹಾಸವನ್ನೋದಿ ಕಾನ್ಸ್ಟೇಬಲ್ ಪರೀಕ್ಷೆಗೆ ಕೂರುವವರು ಕೆಲವರಾದರೂ ಇದ್ದಾರೆ. ಪಾನಿಪತ್ತಿನ ಮೂರು ಯುದ್ಧಗಳ ಇಸವಿಯನ್ನು ತಪ್ಪದೆ ಹೇಳುವ ಅವರಿಗೆ ೧೮೫೫ರ ವರದಿಯ ಹೆಸರು ಗೊತ್ತಿಲ್ಲ, ನಾವು ಹೇಳಿಲ್ಲ. ಶಿಕ್ಷಣಶಾಲೆಗಳಲ್ಲಿ ಪ್ರಕರಣಗಳನ್ನೇ ಪಾಠವಾಗಿಸುವ ಕ್ರಮ ಬಂದರೆ ಕೋಟತಟ್ಟಿನ ಪ್ರಕರಣವು ಅದಕ್ಕೆ ತಕ್ಕುದು: ದೂರು ಬಂದ ಗಳಿಗೆಯಿಂದ ಒಂದೊಂದು ಮೆಟ್ಟಿಲಿನಲ್ಲಿಯೂ ನಿಲ್ಲಿಸಿ ‘ಇಲ್ಲಿ ನೀನಾದರೆ ಏನು ಮಾಡುತ್ತೀ’ ಎಂದು ಕೇಳಬಹುದು. ಅದರ ಪೂರ್ವಪೀಠಿಕೆಯಾಗಿ ಅಜಲಿನ ಇತಿಹಾಸವನ್ನೂ ಮದರಾಸು ಕಾಯಿದೆಯ ಇತಿಹಾಸವನ್ನೂ ಇಪ್ಪತ್ತು ಪುಟಗಳಲ್ಲಿ ಸರಳವಾದ ಕನ್ನಡದಲ್ಲಿ ಬರೆದುಕೊಡುವುದು ಈ ಮೂರು ತಾಲೂಕುಗಳ ಇತಿಹಾಸ ವಿಭಾಗಗಳಿಂದ ಒಂದು ವರ್ಷದೊಳಗೆ ಆಗಬಹುದಾದ ಕೆಲಸ.